ಶ್ರೀನಿವಾಸಪುರ–ಕೋಲಾರ ಓಟ

ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಿಂದ ಮೆಹಬೂಬ್ ಪಾಷಾನ ಮನೆಗೆ ಅರ್ಧ ಮೈಲಿಯೂ ಇಲ್ಲ. ಗಂಗುಲಪ್ಪ ಆಗಲೇ ಏದುಸಿರು ಬಿಡುತ್ತಿದ್ದ. ತಲೆಯ ಮೇಲೆ ಮಾವಿನಹಣ್ಣಿನ ಬುಟ್ಟಿ ಹೊತ್ತ ಚನ್ನರಾಯಪ್ಪ ಮಾತ್ರ ಮಸೀದಿಯ ತಿರುವಿನವರೆಗೆ ಹೋಗಿ, ತಿರುಗಿ ನೋಡುತ್ತಾ ನಿಂತಿದ್ದ.

“ಲೇ ಚನ್ನಾ, ನಿಧಾನ ಕಣೋ. ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾವ್ರಾ?”

“ಹೊರೆ ಹೊತ್ಕೊಂಡು ನಿಂತ್ರೆ ಭಾರ ಅಣ್ಣಾ. ಓಡಿದ್ರೆ ಹಗುರ.”

ಜಿಲ್ಲೆಗೆಲ್ಲ ‘ಓಟದ ಗಂಗುಲಪ್ಪ’ ಎಂದು ಹೆಸರಾದವನು, ಮಾವಿನ ಮಂಡಿಯ ಗಾದಿಯ ಮೇಲೆ ಕೂತು ಬೆಳೆಸಿದ ಹೊಟ್ಟೆ ಹೊತ್ತು, ತನ್ನದೇ ಹಮಾಲಿಯ ಹಿಂದೆ ಹೀಗೆ ತೇಕುತ್ತಾ ಬರುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಗಂಗುಲಪ್ಪನಿಗೆ ಬರಲಿಲ್ಲ. ಅವನ ಮನಸ್ಸೆಲ್ಲ ಜೇಬಿನಲ್ಲಿದ್ದ ಕಾಗದದ ಮೇಲಿತ್ತು.

ಹದಿಮೂರು ವರ್ಷದ ಹಿಂದೆ, ಎಪ್ಪತ್ತೆರಡರ ಮೇ ತಿಂಗಳಲ್ಲಿ, ಶ್ರೀನಿವಾಸಪುರದಿಂದ ಕೋಲಾರಕ್ಕೆ ನಡೆದ ಓಟದಲ್ಲಿ ಅವನು ಮೊದಲಿಗನಾಗಿದ್ದ. ಪಾತ್ರೆ ಅಂಗಡಿಯ ಶೆಟ್ಟರು ಬಹುಮಾನವಾಗಿ ಕೊಟ್ಟ ಹಿತ್ತಾಳೆ ಬಿಂದಿಗೆಯ ಜೊತೆ ಅವನನ್ನೂ ಹೊತ್ತು ಮೆರೆಸಿದರು. ಆ ಒಂದು ಹೆಸರಿನ ಮೇಲೆ ಬದುಕು ಎದ್ದು ನಿಂತಿತು. ಮೊದಲು ಸೋಡಾ ಅಂಗಡಿ, ಆಮೇಲೆ ಹುತ್ತೂರಿನಲ್ಲಿ ರೇಷ್ಮೆಗೂಡಿನ ವ್ಯಾಪಾರ, ಕೊನೆಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಯಾವುದಕ್ಕೆ ಕೈ ಹಾಕಿದರೂ ಜನ ನಂಬಿದರು. ಅಷ್ಟು ದೂರ ಓಡಿದವನು ಮೋಸ ಮಾಡುತ್ತಾನೆಯೇ?

ಮಾಡಿದ್ದ. ದಾರಿಯಲ್ಲಿ ಕಾವಲಿದ್ದ ಮೇಷ್ಟ್ರುಗಳು ಬಿಸಿಲಿಗೆ ಹೆದರಿ ಮರದ ನೆರಳು ಸೇರಿದ್ದರು. ಏರಿನಲ್ಲಿ ಮಾವಿನ ಲಾರಿಯೊಂದು ನಿಧಾನವಾದಾಗ ಹಿಂದಿನಿಂದ ಹತ್ತಿ, ಹುಲ್ಲಿನಲ್ಲಿ ಹುದುಗಿ, ಕೋಲಾರದ ಹೊರಗೆ ರೈಲ್ವೆ ಗೇಟಿನ ಬಳಿ ಲಾರಿ ನಿಂತಾಗ ಇಳಿದು ಓಡಿದ್ದ. ಯಾರೂ ನೋಡಲಿಲ್ಲ. ಅವನ ನೆಮ್ಮದಿ ಕೆಡಿಸಿದ್ದು ಪಾಷಾ. ಲಾರಿಯಲ್ಲಿ ಬಂದವನ ಬೆನ್ನಿಗೆ ಎರಡೇ ನಿಮಿಷದಲ್ಲಿ ಓಡಿ ಬಂದವನು! ಅಂಥ ಓಟಗಾರನಿಗೆ ಸಿಕ್ಕಿದ್ದು ಎರಡನೇ ಬಹುಮಾನ, ಮತ್ತೆ ಮುಳಬಾಗಿಲಿನಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುವ ಬಾಳು.

ಆ ಪಾಪ ತೊಳೆದುಕೊಳ್ಳಲೆಂದೇ ಗಂಗುಲಪ್ಪ ಆರು ವರ್ಷಗಳ ಕಾಲ ಹಳೆಯ ಆಟಗಾರರ ಪರವಾಗಿ ಕಚೇರಿ ಅಲೆದ, ಅರ್ಜಿ ಬರೆದ, ಧರಣಿ ಕೂತ. ಈಗ ಅದು ಫಲ ಕೊಟ್ಟಿತ್ತು. ಹೊಸ ಆಟದ ಮೈದಾನ ನೋಡಿಕೊಳ್ಳುವ ಕೆಲಸ ಹಳೆಯ ಓಟಗಾರನೊಬ್ಬನಿಗೇ ಎಂದು ತೀರ್ಮಾನವಾಗಿತ್ತು. ಹೆಸರು ಸೂಚಿಸುವ ಹೊಣೆ ಗಂಗುಲಪ್ಪನದು. ನಾಳೆಯೇ ಕೊನೆಯ ದಿನ. ಕಾಗದದಲ್ಲಿ ಪಾಷಾನ ಹೆಸರು ಬರೆದಾಗಿತ್ತು, ಅವನ ಸಹಿಯೊಂದು ಬೇಕಿತ್ತು. ಅದಕ್ಕೂ ಮೊದಲು ನಿಜ ಹೇಳಬೇಕಿತ್ತು.

“ತಗೊಳ್ಳಿ ಅಣ್ಣಾ, ನೀರು.” ಚನ್ನರಾಯಪ್ಪ ಬುಟ್ಟಿ ಇಳಿಸಿ ತನ್ನ ಚೊಂಬು ಚಾಚಿದ. ಎಲ್ಲಿಗೆ ಹೋದರೂ ಅದು ಅವನ ಜೊತೆಗಿರುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅದರ ಮೇಲೆ ಕೆತ್ತಿದ್ದ ಅಕ್ಷರಗಳೂ ಸವೆದಿದ್ದವು. ಹೆಂಡತಿಯ ತವರಿನವರು ಕೊಟ್ಟದ್ದಿರಬೇಕು. ಒಂಬತ್ತು ವರ್ಷದ ಹಿಂದೆ, “ಓಟದ ಗಂಗುಲಪ್ಪನೋರ ಮಂಡಿ ಇದೇನಾ?” ಎಂದು ಕೇಳಿಕೊಂಡು ಕೆಲಸಕ್ಕೆ ಬಂದ ದಿನವೂ ಅದು ಅವನ ಕಂಕುಳಲ್ಲಿತ್ತು.

ಗಂಗುಲಪ್ಪ ಗಟಗಟನೆ ಕುಡಿದು ಮುಂದೆ ನಡೆದ.

ಚನ್ನರಾಯಪ್ಪ ಬುಟ್ಟಿಯೊಂದಿಗೆ ಹೊರಗೆ ಜಗಲಿಯಲ್ಲೇ ಕೂತ. ಒಳಗೆ ಪಾಷಾನ ಹೆಂಡತಿ ಮುನ್ನೀ ಬೀ ಹಿತ್ತಾಳೆ ತಟ್ಟೆಯಲ್ಲಿ ಚಹಾ ತಂದಿಟ್ಟಳು. ತಟ್ಟೆಯ ಅಂಚಿನಲ್ಲಿ ‘ದ್ವಿತೀಯ ಬಹುಮಾನ’ ಎಂದು ಕೆತ್ತಿತ್ತು. ಗಂಗುಲಪ್ಪ ಅದನ್ನು ಓದಿ ಚಹಾ ಪಕ್ಕಕ್ಕಿಟ್ಟ.

“ಪಾಷಾ, ಆ ಓಟ ನಾನು ಓಡ್ಲಿಲ್ಲ. ಲಾರಿ ಹತ್ಕೊಂಡು ಬಂದೆ. ಗೆದ್ದೋನು ನೀನು. ನಿನ್ನ ಬದುಕು ನಾನು ಕಿತ್ಕೊಂಡೆ.” ಅವನ ಕಣ್ಣು ತುಂಬಿತು. ಕಾಗದ ಮುಂದಿಟ್ಟ. “ಹೊಸ ಮೈದಾನ ನೋಡ್ಕೊಳ್ಳೋ ಕೆಲಸಕ್ಕೆ ನಿನ್ನ ಹೆಸರು ಬರ್ದಿದ್ದೀನಿ, ಇದಕ್ಕೆ ಸಹಿ ಹಾಕು. ನನ್ನನ್ನ ಕ್ಷಮಿಸಿಬಿಡು.”

ಪಾಷಾ ಪೆನ್ನು ಮುಟ್ಟಲಿಲ್ಲ. ಹೆಂಡತಿ ಒಳಗೆ ಹೋಗುವವರೆಗೂ ಕಾದ.

“ಅದು ನಮ್ಮ ಲತೀಫ್ ಮಾಮೂ ಲಾರಿ, ಭಾಯ್. ಹಿಂದೆ ಹುಲ್ಲಲ್ಲಿ ನೀನಿದ್ದೆ. ಮುಂದೆ ಮಾಮೂ ಪಕ್ಕದಲ್ಲಿ, ತಲೆ ಮೇಲೆ ಟವೆಲ್ ಹೊದ್ಕೊಂಡು ನಾನಿದ್ದೆ. ನೀನು ಹತ್ತಿದ್ದು ಕನ್ನಡೀಲಿ ಕಾಣಿಸ್ತು. ಗೇಟಲ್ಲಿ ನೀನು ಇಳಿದು ಮರೆಯಾಗೋವರೆಗೂ ಕೂತಿದ್ದು, ಆಮೇಲೆ ಇಳಿದೆ.”

ಗಂಗುಲಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ನಕ್ಕ. ಹದಿಮೂರು ವರ್ಷದಲ್ಲಿ ಅಷ್ಟು ಹಗುರಾಗಿ ಅವನು ನಕ್ಕಿರಲೇ ಇಲ್ಲ.

“ನಗಬೇಡ,” ಎಂದ ಪಾಷಾ. “ನಿನ್ನ ಮೆರವಣಿಗೆ ಹೋದ್ಮೇಲೆ ಸುಸ್ತಾದೋನ ಹಾಗೆ ನಾನು ಅಲ್ಲೇ ಕೂತಿದ್ದೆ. ಮುಕ್ಕಾಲು ಗಂಟೆ ಆದ್ಮೇಲೆ ಒಬ್ಬ ಬಂದ. ಬರಿಗಾಲು, ಹಿಮ್ಮಡಿ ಒಡೆದು ರಕ್ತ. ಮಿಕ್ಕೋರೆಲ್ಲ ಬಿಸಿಲಿಗೆ ದಾರೀಲೇ ಬಿಟ್ಟುಬಿಟ್ಟಿದ್ರು. ಪೂರ್ತಿ ಓಡಿದ್ದು ಅವನೊಬ್ಬನೇ. ಚಪ್ಪಾಳೆ ಹೊಡೆಯೋಕೂ ಅಲ್ಲಿ ಜನ ಇರ್ಲಿಲ್ಲ. ಈ ಕೆಲಸ ಅವನ್ದು ಭಾಯ್, ನನ್ದಲ್ಲ.”

“ಯಾರು ಅವನು?”

“ಮುಖ ನೋಡೋಕೆ ನನಗೆ ಧೈರ್ಯ ಬರ್ಲಿಲ್ಲ. ಶೆಟ್ಟರ ಕಡೆಯೋನು ಮೂರನೇ ಬಹುಮಾನ ಅಂತ ಒಂದು ಚೊಂಬು ಕೈಗಿಟ್ಟ. ಅದನ್ನೇ ಕಣ್ಣಿಗೊತ್ಕೊಂಡು ಹೋದ.”

ಗಂಗುಲಪ್ಪನ ನಗು ಅಲ್ಲಿಗೇ ನಿಂತಿತು.

“ಅಣ್ಣಾ,” ಜಗಲಿಯಿಂದ ಚನ್ನರಾಯಪ್ಪ ಕೂಗಿದ, “ಚೊಂಬಲ್ಲಿ ಇನ್ನೂ ನೀರೈತೆ, ಕುಡೀತೀರಾ?”