ಹಳದಿಗೆ ತಿರುಗಿದ ಬಳೆಗಳು

ಬೆಳಗಿನ ರೊಟ್ಟಿ ಬಡಿಯುತ್ತಿದ್ದ ಶಕುಂತಲಾ, ಬಾಗಿಲಲ್ಲಿ ಪಕ್ಕದ ಮನೆಯ ಕಾಶವ್ವನ ದನಿ ಕೇಳಿ, ಗಡಬಡಿಸಿ ಬಳೆ ಬಿಚ್ಚಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಆ ಊರಿನ ಹೆಂಗಸರ ಹಸಿರು ಬಳೆಗಳು ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿದಾಗ ಹಳದಿಗೆ ತಿರುಗುತ್ತಿದ್ದವು. ರೋಗ ಬಂತೆಂದಲ್ಲ, ಒಮ್ಮೆ ದವಾಖಾನೆಗೆ ಹೋಗಿ ತೋರಿಸಿಕೋ ಎಂದಷ್ಟೇ ಅದರ ಅರ್ಥ. ಶಕುಂತಲಾಳ ಬಳೆಗಳು ಯುಗಾದಿಯಿಂದಲೂ ಅರಿಸಿನದ ಕೊಂಬಿನಂತಿದ್ದವು.

“ಏನ್ ಯಕ್ಕಾ, ಕೈ ಬೋಳ ಮಾಡ್ಕೊಂಡೀಯಲ್ಲ! ನಿನ್ ಗಂಡ ನೋಡಿದ್ರ ಹೌಹಾರ್ತಾನ.”

“ಬಳಿಗೆ ಹಿಟ್ಟು ಮೆತ್ತತೈತವ್ವ,” ಎಂದು ಶಕುಂತಲಾ ನಕ್ಕು, ಹೆಪ್ಪಿಗೆ ಮೊಸರು ಕೊಟ್ಟು ಅವಳನ್ನು ಸಾಗಹಾಕಿದಳು.

ತನ್ನ ಜಾಣತನಕ್ಕೆ ಅವಳಿಗೇ ನಗು ಬಂತು. ಕಪ್ಪು ಒಳಉಡುಪಿನಿಂದ ಈ ರೋಗ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಇದ್ದವನ್ನೆಲ್ಲ ಕಸದ ಗಾಡಿಗೆ ಹಾಕಿದ್ದಳು; ಬಳೆಗಳು ಜಗ್ಗಲಿಲ್ಲ. ಮೈ ಇಳಿಸಲೆಂದು ಸಂಜೆ ನಡೆಯಲು ಹೋಗಿ, ಬರುವಾಗ ಮಿರ್ಚಿಭಜಿ ಕಟ್ಟಿಸಿಕೊಂಡು ಬಂದಳು, ಬಳೆಗಳು ಮೋಸಹೋಗಲಿಲ್ಲ. ಹೋಗಲಿ, ನಲವತ್ತೈದು ದಾಟಿದ ವಯಸ್ಸನ್ನು, ಇದೇ ರೋಗದಿಂದ ತೀರಿಕೊಂಡ ತಾಯಿಯನ್ನು ಯಾವ ಡಬ್ಬಿಯಲ್ಲಿ ಮುಚ್ಚಿಡುವುದು? ದವಾಖಾನೆಯೊಂದನ್ನು ಬಿಟ್ಟು ಅವಳು ಎಲ್ಲ ಕಡೆಗೂ ಹೋಗಿಬಂದಿದ್ದಳು.

ಹತ್ತು ವರ್ಷದ ಮಗಳು ಮಂದಾಕಿನಿ ಡಬ್ಬಿಯಲ್ಲಿ ಕೈಯಾಡಿಸಿ ಬಳೆಗಳನ್ನು ಹೊರತೆಗೆದಳು. ಹಿಟ್ಟು ಊದಿ, ಒಂದೊಂದನ್ನೇ ಲಂಗದ ಅಂಚಿನಿಂದ ಒರೆಸಿ, ತಾಯಿಯ ಮುಂದೆ ಹಿಡಿದಳು. ಎಷ್ಟೋ ದಿನದಿಂದ ತುಟಿಯವರೆಗೆ ಬಂದು ಹಿಂದಿರುಗುತ್ತಿದ್ದ ಮಾತು ಇವತ್ತು ಹೊರಬಿತ್ತು.

“ಅವ್ವಾ, ಅಜ್ಜೀನೂ ಹಿಂಗ ಬಳಿ ಮುಚ್ಚಿಟ್ಟಿದ್ಲೇನು?”