ನುಣುಪಾಗಿ ಉಳಿದ ಅಂಚು

"ಆ ಕೊಲ್ಲಿಗೆ ನೀನು ಕಾಲಿಟ್ಟೇ ಇಲ್ಲ, ಅಲ್ವಾ?" ಪಿಪಾಲುಕ್ ಮತ್ತೊಮ್ಮೆ ಕೇಳಿದಳು.

"ಎಷ್ಟು ಸಲ ಹೇಳ್ಲಿ ಅತ್ತಿಗೆ? ಅಣ್ಣ ಒಬ್ನೇ ಹೋದ," ಎಂದ ಮೈದುನ ಮಾಲಿಕ್, ಸೀಲ್ ಕೊಬ್ಬು ಮೆತ್ತಿದ ಬೆರಳು ನೆಕ್ಕುತ್ತ. ಅವಳ ಗಂಡ ಉಯಾರಕ್ ಹೋಗಿ ಒಂದು ಚಳಿಗಾಲವೇ ಕಳೆದಿತ್ತು. ಹಿಮ ಕರಗಿದರೂ ಅವನ ದೋಣಿ ಸಿಕ್ಕಿರಲಿಲ್ಲ.

ಅವಳು ತೊಗಲಚೀಲದಿಂದ ಗೇಣುದ್ದದ ಮರದ ತುಂಡು ತೆಗೆದಳು. ಅದರ ಅಂಚಿನ ಒಂದೊಂದು ಕಚ್ಚೂ ಕರಾವಳಿಯ ಒಂದೊಂದು ತಿರುವು. ಕೈಗವಸಿನೊಳಗೆ ಹಿಡಿದು ಬೆರಳಲ್ಲೇ ದಾರಿ ಓದಬಹುದು. "ನಿಮ್ಮಣ್ಣ ಹೇಳ್ತಿದ್ದಂಗೇ ಆ ಕೊಲ್ಲೀನ ಕೆತ್ತಿದೀನಿ. ನಾಳೆ ಹುಡುಕೋಕೆ ಹೊರಡ್ತೀವಿ. ಹೇಗಿದೆ ನೋಡು."

ಕೆತ್ತನೆಯಲ್ಲಿ ಮಾಲಿಕ್‌ನನ್ನು ಮೀರಿಸುವವರು ಊರಲ್ಲಿರಲಿಲ್ಲ. ಒರಟು ಕೆಲಸ ಕಂಡರೆ ಅವನಿಗೆ ಮೈಯುರಿ. ಅಂಚಿನುದ್ದಕ್ಕೂ ಸರಿದ ಅವನ ಹೆಬ್ಬೆರಳು ನುಣುಪಾದ ಒಂದು ಜಾಗದಲ್ಲಿ ನಿಂತಿತು.

"ಏನತ್ತಿಗೆ, ಮಕ್ಕಳಾಟ. ಇಲ್ಲಿ ಬಂಡೆ ಹಿಂದೆ ಒಂದು ಸೀಳು ಬರ್ಬೇಕು," ಎನ್ನುತ್ತಲೇ ಚಾಕು ತೆಗೆದು ಕೊರೆಯತೊಡಗಿದ.

ಉಯಾರಕ್ ತನಗೊಬ್ಬಳಿಗೇ ಹೇಳಿದ್ದ ಆ ಸೀಳನ್ನು ಅವಳು ಬೇಕೆಂದೇ ಕೆತ್ತದೆ ಬಿಟ್ಟಿದ್ದಳು.

ಅರ್ಧ ಕೊರೆದ ಮೇಲೆ ಅವನ ಚಾಕು ತಟ್ಟನೆ ನಿಂತಿತು.

"ಮುಗ್ಸು ಮಾಲಿಕ್," ಎಂದಳು ಪಿಪಾಲುಕ್. "ದೋಣಿ ಎಷ್ಟು ಒಳಗಿದೆಯೋ, ಅಷ್ಟು ಕೊರಿ."