ಯಾರಿಗೆ ಕೇಳ್ಬೇಕು?

ವಾಕಿಟಾಕಿಯಲ್ಲಿ ಆಡಿದ ಮಾತು ಏಳು ವರ್ಷ ತಡವಾಗಿ ಕೇಳಿಸುವ ಕಾಲ ಬಂದರೂ ಮಲ್ಪೆ ಬಂದರಿನ ಯಶೋಧರ ತನ್ನ ಪದ್ಧತಿ ಬಿಟ್ಟಿರಲಿಲ್ಲ. ರಿಪೇರಿ ಮುಗಿದ ಪ್ರತಿ ಸೆಟ್ಟಿನ ಗುಂಡಿ ಒತ್ತಿ, "ಒಂದು, ಎರಡು, ಮೂರು. ಕೇಳ್ತದಾ? ಓವರ್" ಎನ್ನುತ್ತಿದ್ದ. ಹೆಂಡತಿ ಸುಗುಣಾಳಿಗೆ ನಗು ತಡೆಯುತ್ತಿರಲಿಲ್ಲ.

ಅವನು ಕಡಲುಪಾಲಾದ ಮೇಲೆ ಅಂಗಡಿ ಅವಳದಾಯಿತು. ಬ್ಯಾಟರಿಯ ತಾಮ್ರದ ತುದಿ ಉಜ್ಜುತ್ತ, ಆಂಟೆನಾ ಬದಲಿಸುತ್ತ, ಅವಳು ದಿನವೂ ಅವನ ಹಳೆಯ ದನಿಗೆ ಕಿವಿಗೊಟ್ಟಳು. ಇವತ್ತಿನದೇ ಕೊನೆಯದು. ಏಳು ವರ್ಷದ ಹಿಂದೆ ಇದೇ ಮಧ್ಯಾಹ್ನ ಒಂದೇ ಒಂದು ಸೆಟ್ ಮುಗಿಸಿ ಅವನು ದೋಣಿ ಹತ್ತಿದ್ದ.

"ನನ್ನ ಸೆಟ್ ಆಯ್ತಾ ಅಕ್ಕ? ಏಳು ವರ್ಷ ಕಳೆದು ಮಗಳ ಮದುವೆಗೆ ಕೇಳ್ಲಿಕ್ಕೆ ನಾಲ್ಕು ಮಾತು ಹೇಳಿಡ್ಬೇಕಿತ್ತು" ಎನ್ನುತ್ತ ಮೀನುಗಾರ ಹಮೀದ್ ಬಂದ.

"ಸ್ವಲ್ಪ ನಿಲ್ಲಿ ಮಾರಾಯ್ರೆ" ಎಂದಳು ಸುಗುಣಾ.

ಕೈಯಲ್ಲಿದ್ದ ಸೆಟ್ ಕರಕರ ಎಂದಿತು. "ಒಂದು, ಎರಡು, ಮೂರು. ಕೇಳ್ತದಾ? ಓವರ್."

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆ ದಿನ ಅವನು ಒತ್ತಿದ ಗುಂಡಿ ಬಿಡಲು ಮರೆತಿದ್ದ. ಸೆಟ್ಟಿನಲ್ಲಿ ಅವನ ದನಿಯ ಹಿಂದಿನಿಂದ ಹೆಂಗಸೊಬ್ಬಳು ಕಿಲಕಿಲ ನಕ್ಕಳು. "ನಿಮ್ಮದೊಂದು! ಯಾರಿಗೆ ಕೇಳ್ಬೇಕು ಅದು?"

ತನ್ನದೇ ದನಿಯೆಂದು ತಿಳಿಯಲು ಸುಗುಣಾಳಿಗೆ ಒಂದು ಕ್ಷಣ ಹಿಡಿಯಿತು.

ಅವಳು ಗುಂಡಿ ಒತ್ತಿದಳು.

"ನನಗೆ," ಎಂದಳು. "ನನಗೆ ಕೇಳ್ತದೆ. ಓವರ್."